ಉಡಿಯಲ್ಲಿ ಹಾಕಿದ ಪಪ್ಪಾಯಿ

ಚಿಂತಾಕಿ, ತಾ. ಔರಾದ
ನವೆಂಬರ್ 17, 2025, ಸೋಮವಾರ

ಮುದ್ದಿನ ಮೊಮ್ಮಗಳು ರಾಧಿಕಾಳಿಗೆ, ನಿನ್ನ ಆಯಿ ಜನಾಬಾಯಿ ತಲೆ ಸವರಿ ಬರೆಯುವುದು.

ಹೇಗಿದ್ದೀ ನನ್ನವ್ವಾ? ಬೀದರಿನ ಥಂಡಿಗೆ ನಿನ್ನ ಸೀನು ಶುರುವಾಗಿರಬೇಕು. ಆ ಖೋಲಿಯಲ್ಲಿ ಬಿಸಿಲು ಬೀಳುವುದಿಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಬಿಸಿನೀರಿಗೆ ಅರಿಸಿನ ಹಾಕಿ ಹಬೆ ತಗೋ. ಇಲ್ಲಿ ನಿನ್ನ ಮುತ್ಯಾ ಗಟ್ಟಿಯಾಗಿದ್ದಾರೆ, ಮುಂಜಾನೆ ಕುರಿ ಹೊಡೆದುಕೊಂಡು ಹೋದರೆ ಹೊತ್ತು ಮುಳುಗುವವರೆಗೆ ಕೈಗೆ ಸಿಗುವುದಿಲ್ಲ. ತೊಗರಿ ಹೂ ಬಿಟ್ಟಿದೆ. ನನ್ನ ಮೊಳಕಾಲಿನ ತಕರಾರು ಇದ್ದದ್ದೇ. ಫೋನಿನಲ್ಲಿ ನೀನು "ಹೂಂ ಆಯಿ, ಆಮ್ಯಾಗ ಮಾಡ್ತೀನಿ" ಅಂದು ಇಟ್ಟುಬಿಡುತ್ತೀ, ಅದಕ್ಕೇ ಕಾಗದ. ಬಸ್ಸಿನ ಬೋರ್ಡು ನೋಡಿ ಅಕ್ಷರ ಕಲಿತವಳು ನಾನು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು, ಆದರೆ ಕೊನೆಯವರೆಗೆ ಓದು.

ಹೋದ ವರ್ಷದ ದೀಪಾವಳಿಗೆ ನೀನು ಪಪ್ಪಾಯಿ ಸಸಿ ತಂದೆ. ನಮ್ಮ ಹಿತ್ತಲಲ್ಲಿ ಪಪ್ಪಾಯಿ ಬದುಕುವುದಿಲ್ಲ ಅಂತ ಊರಿಗೆಲ್ಲ ಗೊತ್ತು. ಎಷ್ಟು ಸಲ ಹಚ್ಚಿದರೂ ಎಲೆ ಹಳದಿಯಾಗಿ ಮುದುಡಿ, ಕಾಯಿಯ ಮೇಲೆ ಉಂಗುರದಂಥ ಕಲೆ ಎದ್ದು ಸತ್ತೇ ಹೋಗುತ್ತಿದ್ದವು. "ಇವು ಸಾಯೂದಿಲ್ಲ ಆಯಿ, ನಿನಗಂತನ ತಂದೀನಿ" ಅಂತ ಹೇಳಿದೆ. ನನಗೆ ಆ ಮಾತು ಸಾಕಾಗಿತ್ತು. ಬೇಸಿಗೆಯಲ್ಲಿ ಭಾಂಡೆ ತೊಳೆದ ನೀರನ್ನೂ ಚೆಲ್ಲದೆ ಅವಕ್ಕೆ ಉಣಿಸಿದೆ. ಕುರಿಯೊಂದು ಎಲೆಗೆ ಬಾಯಿ ಹಾಕಿತೆಂದು ನಿನ್ನ ಮುತ್ಯಾನ ಜೊತೆ ಮಾತು ಬಿಟ್ಟಿದ್ದೆ. ಪಾಪ, ಅವರು ಕುರಿಯ ಪರವಾಗಿ ನನ್ನ ಕಾಲು ಹಿಡಿಯುವುದೊಂದು ಬಾಕಿ ಇತ್ತು. ರವಿವಾರ ಬಂತೆಂದರೆ ನೀನು ಫೋಟೋ ಕೇಳುತ್ತಿದ್ದೆ. ಎಲೆಯ ಹಿಂದಿನದು, ಮುಂದಿನದು, ಕಾಂಡದ್ದು. ಅಜ್ಜಿಯ ಮುಖದ್ದು ಒಮ್ಮೆಯೂ ಕೇಳಲಿಲ್ಲವೆಂಬುದು ಆಗ ಹೊಳೆಯಲಿಲ್ಲ.

ಕಾಯಿ ಬಿಟ್ಟವು, ಒಂದೂ ಕಲೆಯಿಲ್ಲ. "ಹಣ್ಣಾಗೂ ಮೊದಲ ನನಗ ಹೇಳು" ಅಂತ ನೀನು ಹೇಳಿಟ್ಟಿದ್ದೆ. ತಿನ್ನುವ ಆಸೆ ಇರಬೇಕು ಕೂಸಿಗೆ ಅಂದುಕೊಂಡು ನಕ್ಕೆ. ನಮ್ಮ ಮನೆಯ ರೀತಿ ನಿನಗೆ ತಿಳಿಯದ್ದಲ್ಲ. ಹಿತ್ತಲಿನ ಗಿಡದ ಮೊದಲ ಹಣ್ಣನ್ನು ನಾವು ಬಾಯಿಗಿಡುವುದಿಲ್ಲ, ಹೆಣ್ಣುಮಕ್ಕಳ ಉಡಿಗೆ ಹಾಕುತ್ತೇವೆ. ಹಳದಿ ಗೆರೆ ಕಂಡವನ್ನು ಕಿತ್ತು ನೆರೆಯ ಕೇಶರಬಾಯಿಗೂ ಈರಮ್ಮನಿಗೂ ಕುಂಕುಮ ಹಚ್ಚಿ ಉಡಿ ತುಂಬಿದೆ. ಕೇಶರಬಾಯಿಯ ಸೊಸೆ ಬಸುರಿ, ಅವಳಿಗೆ ಪಪ್ಪಾಯಿ ಬೇಡವೆಂದು ಬಾಳೆಹಣ್ಣು ಹಾಕಿದೆ. ಗೋಡೆಯಾಚೆಯ ಮಹಮೂದಾ ಬೇಗಂ ಓಢಣಿ ಒಡ್ಡಿ ನಗುತ್ತಲೇ ಇಸಗೊಂಡಳು. ಆಮೇಲೆ ನಿನಗೆ ಫೋನು ಮಾಡಿ ಖುಷಿಯಿಂದ ಹೇಳಿದೆ.

ಮರುದಿನ ಮುಂಜಾನೆಯೇ ನೀನು ಟಮಟಮ್ ಆಟೋ ಮಾಡಿಕೊಂಡು ಬಂದೆ. ಚಹಾ ಕೂಡ ಮುಟ್ಟಲಿಲ್ಲ. ಗಿಡ ಕಡಿದು, ತೆಗ್ಗು ತೋಡಿಸಿ, ಬೇರು ಕಾಯಿ ಎಲ್ಲ ಹಾಕಿ ಸುಣ್ಣ ಸುರಿದು ಮುಚ್ಚಿದೆ. ಆಗ ನನಗೆ ತಿಳಿಸಿ ಹೇಳಿದೆ. ಮಣ್ಣಿನಲ್ಲಿ ಒಂದು ಕ್ರಿಮಿ ಇದೆ, ಗಿಡದೊಳಗೆ ಹೊಕ್ಕು ತನ್ನ ಗುಣ ಸೇರಿಸಿ ಗಂಟು ಎಬ್ಬಿಸುತ್ತದೆ. ನೀವು ಲ್ಯಾಬಿನವರು ಆ ಗಂಟಿನ ಗುಣ ತೆಗೆದು, ರೋಗ ತಡೆಯುವ ಗುಣವನ್ನು ಅದರ ಕೈಯಲ್ಲೇ ಪಪ್ಪಾಯಿಗೆ ಕಳಿಸಿದ್ದೀರಿ. ಚೆಂದದ ಕೆಲಸ ನನ್ನವ್ವಾ. ಮೊದಲೇ ಹೇಳಿದ್ದರೆ ನಾನೇ ಬೇಲಿ ಕಟ್ಟಿ ಕಾಯುತ್ತಿದ್ದೆ. ಆದರೆ ಅದನ್ನು ಹೊರಗೆ ನೆಡಲು ಪರವಾನಗಿ ಇರಲಿಲ್ಲವಂತೆ, ನಿಮ್ಮ ಸಾಹೇಬರಿಗೂ ಗೊತ್ತಿರಲಿಲ್ಲವಂತೆ. ಹಾಗಾದರೆ ನನ್ನ ಹಿತ್ತಲೇ ಯಾಕೆ ಬೇಕಾಯಿತು ಅಂತ ಕೇಳಿದೆ. ಕುಡಗೋಲು ಒರೆಸುತ್ತ ನೀನು ಕೊಟ್ಟ ಉತ್ತರ ಇವತ್ತಿಗೂ ಕಿವಿಯಲ್ಲಿದೆ: "ನಿನ್ನ ಹಿತ್ತಲದಾಗ ಆ ರೋಗ ಖಾತ್ರಿ ಇತ್ತಲ್ಲ ಆಯಿ, ಅದಕ್ಕ."

ನನಗಂತ ತಂದದ್ದಲ್ಲ ಹಾಗಾದರೆ.

ಕೊಟ್ಟ ಹಣ್ಣು, ಬೀಜ ಎಲ್ಲ ತಿರುಗಿ ತಾ ಅಂತ ನೀನು ನನ್ನನ್ನು ಕಳಿಸಿದೆ. ಔಷಧ ಹೊಡೆದದ್ದು ಅಂತ ಹೇಳು, ಬೇರೇನೂ ಬಾಯಿ ಬಿಡಬೇಡ, ನನ್ನ ನೌಕರಿ ಹೋಗುತ್ತದೆ ಅಂದೆ. ನೀನು ಟಮಟಮ್‌ನಲ್ಲಿ ಕಾಯುತ್ತ ಕೂತೆ, ನಾನು ಮನೆಮನೆಯ ಬಾಗಿಲು ತಿರುಗಿದೆ. ಉಡಿಗೆ ಹಾಕಿದ್ದನ್ನು ತಿರುಗಿ ಬೇಡುವುದೆಂದರೆ ಏನೆಂದು ನಿನಗೆ ಯಾರೂ ಕಲಿಸಲಿಲ್ಲವೇ, ಅಥವಾ ನಾನೇ ಕಲಿಸಲಿಲ್ಲವೋ. "ಉಡಿಯಾಗಿಂದು ಇಸ್ಕೊಂಡು ಹೋಗೋರನ್ನ ಇವತ್ತ ನೋಡ್ದೆ ನೋಡು ಜನಾಬಾಯಿ" ಅಂದು ಕೇಶರಬಾಯಿ ಹಣ್ಣನ್ನು ಕಟ್ಟೆಯ ಮೇಲಿಟ್ಟಳು, ಕೈಗೆ ಕೊಡಲಿಲ್ಲ. ಮಹಮೂದಾ ಹೆಚ್ಚಿಟ್ಟಿದ್ದ ಹೋಳುಗಳನ್ನು ಬೀಜದ ಸಮೇತ ತಾಟಿನಲ್ಲಿ ತಂದಳು. "ನಮ್ಮ ಕಡಿಂದ ಏನಾರ ಚೂಕಾತೇನ್ರಿ ಅಕ್ಕಾ?" ಅಂತ ಕೇಳಿದಳು. ನಾನು ಔಷಧ ಅಂದೆ. ಅವಳು ನಂಬಲಿಲ್ಲ. ಈಗ ಗೋಡೆಯ ಮೇಲಿಂದ ಪಲ್ಯ ದಾಟುವುದು ನಿಂತಿದೆ.

ಈರಮ್ಮ ಮಾತ್ರ ನಂಬಿದಳು. ಅದೇ ಕೆಟ್ಟದಾಯಿತು. ಆಕೆ ಹಣ್ಣು ತಿಂದು, ಬೀಜ ಒಲೆಗೆ ಹಾಕಿ ಮುಗಿಸಿದ್ದಳು. ವಿಷ ತಿಂದೆನೆಂದು ಅವತ್ತಿನಿಂದ ಅನ್ನ ಬಿಟ್ಟಿದ್ದಾಳೆ. ಔರಾದಿನ ದವಾಖಾನೆಯಲ್ಲಿ ಸಲೈನು ಹಚ್ಚಿಸಿಕೊಂಡು ಬಂದಳು. "ಯಾವ ಔಷಧರಿ ಅದು, ಹೆಸರರೆ ಹೇಳ್ರಿ, ಡಾಕ್ಟರು ಕೇಳ್ಲಿಕತ್ತಾರ" ಅಂತ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ತಿಂದರೆ ಏನೂ ಆಗುವುದಿಲ್ಲ ಅಂತ ನನಗೆ ಹೇಳಿದವಳು ನೀನೇ. ಆ ಮಾತನ್ನು ಈರಮ್ಮನ ಎದುರು ಆಡಲು ನಿನಗೆ ಬಾಯಿಲ್ಲವೇ? ನಾನು ಹೇಳಿದರೆ ಇನ್ನು ಯಾರು ನಂಬುತ್ತಾರೆ? ನೀನು ಆ ಕ್ರಿಮಿಗೆ ಮಾಡಿದ್ದನ್ನೇ ನನಗೂ ಮಾಡಿದೆ ರಾಧಿ. ನಿನ್ನ ಮಾತನ್ನು ನನ್ನೊಳಗಿಟ್ಟು ಮನೆಮನೆಗೆ ಕಳಿಸಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಸಿಟ್ಟಿದ್ದರೂ ನೀನು ಹಸಿದಿರುವುದು ನನಗೆ ಸೇರುವುದಿಲ್ಲ. ನಿನ್ನ ಮುತ್ಯಾನ ಆಶೀರ್ವಾದ ಇದೆ. ನನ್ನದೂ ಇದೆ, ಅದನ್ನು ತಿರುಗಿ ಕೇಳುವುದಿಲ್ಲ.

ನಿನ್ನ ಆಯಿ
ಜನಾಬಾಯಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ನೀನು ಮೂರು ಮನೆ ಎಣಿಸಿ ಹೋದೆ. ಉಡಿ ಮೊದಲು ತುಂಬುವುದು ಮನೆಮಗಳಿಗೆ ಅನ್ನುವುದು ನಿನಗೆ ನೆನಪಾಗಲಿಲ್ಲ. ಎಲ್ಲಕ್ಕಿಂತ ಮೊದಲು ಬಣ್ಣ ತಿರುಗಿದ ಹಣ್ಣನ್ನು ನಾನೇ ಭಾಲ್ಕಿಗೆ ಒಯ್ದು ನಿನ್ನ ಅವ್ವ ಮಾಯಾಳ ಉಡಿಗೆ ಹಾಕಿ ಬಂದಿದ್ದೆ. ಮೂರು ಬಾಗಿಲು ತಿರುಗಿ ಬಂದ ಮೇಲೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ನಿನ್ನೆ ಮಾಯಾ ಫೋನು ಮಾಡಿದ್ದಳು. ಬೀಜ ಹಾಕಿದ್ದಳಂತೆ, ಬಕೆಟ್ಟಿನ ತುಂಬ ಮೊಳಕೆ ಎದ್ದಿವೆಯಂತೆ. "ನಮ್ಮ ರಾಧಿ ತಂದಿದ್ದು ಅಂತ ಹೇಳಿ ಓಣ್ಯಾಗೆಲ್ಲ ಒಂದೊಂದು ಕೊಡ್ತೀನವ್ವಾ" ಅಂದಳು. ಬರುವ ರವಿವಾರ ಹಂಚುತ್ತಾಳೆ. ನಾನು ಹೋಗುವುದಿಲ್ಲ. ನೀನು ಹೋಗಿ ಬಾಗಿಲಲ್ಲಿ ನಿಂತು ತಿರುಗಿ ಕೇಳು. ಔಷಧದ ಮಾತು ಮಾತ್ರ ಅಲ್ಲಿ ಆಡಬೇಡ, ಈರಮ್ಮನ ಹಾಗೆ ನಿನ್ನ ಅವ್ವನೂ ಆ ಹಣ್ಣು ತಿಂದಿದ್ದಾಳೆ.