ಕತ್ತರಿಸಿದ ಅಂಚುಗಳ ಮೂಟೆ

ಸಂಶೋಧನಾ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ನಿಮ್ಮ ಕಚೇರಿ ನೂರ ನಲವತ್ತು ಚಿತ್ರಗಳ ಅಂಚು ಕತ್ತರಿಸಿ ಎಂಟು ತಿಂಗಳ ಸಂಶೋಧನೆಯನ್ನು ಹಾಳು ಮಾಡಿದೆ. ಎರಡು ಸಲ ಬರೆದು ತಿಳಿಸಿದೆ. ‘ಚಿತ್ರಗಳು ಸುಸ್ಥಿತಿಯಲ್ಲಿವೆ’ ಎಂಬ ಉತ್ತರ ಬಂತು. ಓದಿ ಹೇಸಿಗೆಯಾಯಿತು. ಅದಕ್ಕೇ ಈಗ ನಾಲ್ಕು ಜನರೆದುರು ಬರೆಯುತ್ತಿದ್ದೇನೆ.

ಕಲಾವಿದರೂ ವಿಜ್ಞಾನಿಗಳೂ ಕೂಡಿ ದುಡಿಯಬೇಕೆಂಬ ನಿಮ್ಮ ಯೋಜನೆಯಲ್ಲಿ ನನ್ನ ಚಿಕ್ಕಮ್ಮನನ್ನು ಸಸ್ಯವಿಜ್ಞಾನಿಯೊಬ್ಬರ ಜೊತೆಗೆ ಹಾಕಿದಿರಿ. ನೀರು ಸಾಲದ ಗಿಡ ಹೇಗೆ ಬಾಡುತ್ತದೆಂಬುದು ಅವರ ಅಧ್ಯಯನ. ಚಿತ್ರ ಬರೆಯುವವರಿಗೆ ಕುರ್ಚಿ ಕೊಡುವ ನಿಯಮವಿಲ್ಲವಂತೆ. ಚಿಕ್ಕಮ್ಮ ಗಾಜಿನ ಮನೆಯ ನೆಲದಲ್ಲೇ ಕೂತು ಗಂಟೆಗೊಂದು ಚಿತ್ರ ಬರೆದರು. ಒಂದು ದಿನ ವಿಜ್ಞಾನಿಯನ್ನು ಕರೆದು, “ಸಾರ್, ಬಾಡೋಕೆ ಎರಡು ಗಂಟೆ ಮುಂಚೆನೇ ತೊಟ್ಟು ಹೊರಳ್ತಿದೆ, ನೋಡಿ” ಎಂದರು.

“ಅಲ್ರೀ, ಕ್ಯಾಮೆರಾಗೆ ಕಾಣದ್ದು ನಿಮಗೆ ಹೇಗ್ರೀ ಕಾಣ್ತು?”

“ಅದು ಮೇಲಿಂದ ನೋಡುತ್ತೆ. ಕುರ್ಚಿ ಕೊಟ್ಟಿದ್ರೆ ನನಗೂ ಕಾಣ್ತಿರಲಿಲ್ಲ ಬಿಡಿ.”

ಅಂದಿನಿಂದ ವಿಜ್ಞಾನಿಯೂ ನೆಲಕ್ಕೆ ಕೂತರು. ಪ್ರತಿ ಚಿತ್ರದ ಅಂಚಿನಲ್ಲೂ ದಿನ, ಗಂಟೆ, ಕುಂಡದ ಸಂಖ್ಯೆಯನ್ನು ಪೆನ್ಸಿಲ್ಲಿನಲ್ಲಿ ಬರೆದರು. ಆ ಬರಹ ಬೇರೆಲ್ಲೂ ಇರಲಿಲ್ಲ.

ನಿಮಗೆ ಬೇಕಿದ್ದದ್ದು ಗೋಡೆ ತುಂಬುವುದು. ತರಿಸಿದ ಚೌಕಟ್ಟುಗಳು ಚಿಕ್ಕವಾದವು. ಚೌಕಟ್ಟು ಬದಲಿಸುವುದಕ್ಕಿಂತ ಚಿತ್ರ ಕತ್ತರಿಸುವುದು ಸುಲಭವಲ್ಲವೇ? ಅವರಿಬ್ಬರನ್ನೂ ಕೇಳಲಿಲ್ಲ. ಸಾಹಿತ್ಯ ಓದಿದವಳು, ಅಕ್ಷರ ದುಂಡಗಿದೆ ಎಂದು ಹೆಸರಿನ ಚೀಟಿ ಬರೆಯಲು ನನ್ನನ್ನು ಮಾತ್ರ ಕರೆದಿರಿ. “ಚಿತ್ರ ಮುಟ್ಟಿಲ್ಲಮ್ಮ, ಗೀಚಿದ್ದಷ್ಟೇ ತೆಗೀತಿದ್ದೀವಿ. ಸಾಹೇಬ್ರಿಗೆ ನೀಟಾಗಿರ್ಬೇಕು” ಎಂದರು ನಿಮ್ಮ ಸಿಬ್ಬಂದಿ. ಮರುದಿನ ಅದೇ ಗೋಡೆಯ ಮುಂದೆ ನಿಂತು, ಕಲೆ ಮತ್ತು ವಿಜ್ಞಾನ ಕೈಕೈ ಹಿಡಿದಿವೆ ಎಂದು ಭಾಷಣ ಮಾಡಿದಿರಿ. ಹಿಡಿದ ಕೈಗಳನ್ನು ಮಣಿಕಟ್ಟಿಗೇ ಕತ್ತರಿಸಿ ತೂಗುಹಾಕಿದ್ದು ನಿಮಗೆ ಕಾಣಲಿಲ್ಲವೇ?

ಯಾವ ಕುಂಡ, ಯಾವ ಗಂಟೆ ಎಂದು ಈಗ ಈ ಸಂಶೋಧನೆಯನ್ನು ಪ್ರಕಟಿಸಬೇಕಾದ ವಿಜ್ಞಾನ ಪತ್ರಿಕೆಯವರು ಕೇಳುತ್ತಿದ್ದಾರೆ. ಉತ್ತರವಿಲ್ಲದಿದ್ದರೆ ಚಿಕ್ಕಮ್ಮ ಕಂಡದ್ದು ಬರೀ ಕಲ್ಪನೆ. ಅವರು ನಿಮ್ಮನ್ನು ಬೈಯಲಿಲ್ಲ. “ಅಲ್ಲೇ ಇದ್ಯಲ್ಲೇ, ಒಂದು ಮಾತು ಹೇಳೋಕಾಗ್ಲಿಲ್ವಾ?” ಎಂದು ನನ್ನನ್ನು ಕೇಳಿದರು.

ಕತ್ತರಿಸಿದ ಅಂಚುಗಳು ಮೆಟ್ಟಿಲ ಕೆಳಗಿನ ಮೂಟೆಯಲ್ಲಿವೆ. ಸೋಮವಾರ ರದ್ದಿಗೆ ಹೋಗುತ್ತವಂತೆ. ನಿಮ್ಮ ಸಹಿಯಿಲ್ಲದೆ ಕೊಡುವುದಿಲ್ಲ ಎನ್ನುತ್ತಾರೆ ಕಾವಲಿನವರು. ಸಹಿ ಹಾಕಿ. ಚಿತ್ರಗಳನ್ನು ಚೌಕಟ್ಟಿನಿಂದ ಬಿಡಿಸಿಕೊಡಿ. ಎಷ್ಟೋ ಎಲೆಗಳ ತುದಿ ಆ ಅಂಚುಗಳಲ್ಲೇ ಉಳಿದಿದೆ; ಅದನ್ನೇ ಹಿಡಿದು ನಾವು ಮೂವರು ನೆಲದ ಮೇಲೆ ಕೂತು ಜೋಡಿಸಿಕೊಳ್ಳುತ್ತೇವೆ. ಕುರ್ಚಿ ಬೇಡ.

ಇಂತಿ,
ಕತ್ತರಿಯ ಸದ್ದು ಕೇಳುತ್ತಲೇ ದುಂಡಗೆ ಚೀಟಿ ಬರೆದವಳು