ಮಾವನ ಪಿಸ್ತೂಲಿನ ಸ್ಕ್ರೂ

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಮತ್ತೆ ಅದೇ. ಮಾವನಿಗೆ ಕಾಫಿ, ಮಾತ್ರೆ, ಆಮೇಲೆ ಜೇಡಿಮಣ್ಣು. ವ್ಯಾಯಾಮ ಕಲಿಸುವ ಹುಡುಗಿ ಕೊಟ್ಟುಹೋದ ಮುದ್ದೆ ಅದು. ಬಲಗೈಯಲ್ಲಿ ಹಿಸುಕುತ್ತಿದ್ದರೆ ಬೆರಳಿಗೆ ಶಕ್ತಿ ಬರುತ್ತದಂತೆ. ರಾತ್ರಿ ಕಳೆಯುವುದರೊಳಗೆ ಗಟ್ಟಿಯಾಗಿರುತ್ತದೆ, ಅದಕ್ಕೆ ಮೊದಲು ನನ್ನ ಕೈಗೆ. ನೀರು ಹಚ್ಚಿ ನಾದಿ, ಒಂದು ಸಲ ಬಿಗಿಯಾಗಿ ಹಿಸುಕಿ ಕೊಡಬೇಕು. ಬರೀ ನಾದಿ ಕೊಟ್ಟರೆ ಒಪ್ಪುವುದಿಲ್ಲ. “ಇನ್ನೊಂದು” ಅನ್ನುತ್ತಾರೆ.

ಸ್ಟ್ರೋಕ್ ಆದ ಮೇಲೆ ಉಳಿದಿರುವ ಮಾತು ಅದೊಂದೇ. ಆಸ್ಪತ್ರೆಯಲ್ಲಿ ಆ ಹುಡುಗಿ “ಇನ್ನೊಂದು, ಇನ್ನೊಂದು” ಎಂದು ಕೈ ಎತ್ತಿಸಿ ಎತ್ತಿಸಿ ಅದು ನಾಲಿಗೆಗೆ ಅಂಟಿಕೊಂಡಿತು. ಕಾಫಿಗೂ ಇನ್ನೊಂದು, ದಿಂಬಿಗೂ ಇನ್ನೊಂದು, ಸಿಟ್ಟು ಬಂದರೂ ಇನ್ನೊಂದು. ದನಿ ನೋಡಿ ಅರ್ಥ ಮಾಡಿಕೊಳ್ಳಬೇಕು. ಇಡೀ ಶೂಟಿಂಗ್ ರೇಂಜ್‌ಗೆ ಕೇಳುವಂತೆ ಬೈಯುತ್ತಿದ್ದ ಮನುಷ್ಯ...

ನಮ್ಮ ರಿಪೇರಿ ಅಂಗಡಿಯಲ್ಲಿ ಇವತ್ತು ಎರಡು ಏರ್ ಪಿಸ್ತೂಲು. ಒಂದಕ್ಕೆ ವಾಷರ್ ಬದಲಿಸಿದೆ. ಇನ್ನೊಂದರ ಟ್ರಿಗರ್ ಸರಿಮಾಡಿದೆ. ಸ್ಟ್ಯಾಂಡಿಗೆ ಕಟ್ಟಿ ಹೊಡೆದು ನೋಡಿದೆ. ಎರಡೂ ಸರಿ.

ಮಾವ ಮೂಲೆಯಲ್ಲಿ, ಸಾಮಾನು ಬಿಗಿದು ಹಿಡಿಯುವ ವೈಸ್ ಹತ್ತಿರ ಕುರ್ಚಿ ಎಳೆದುಕೊಂಡು ಎಡಗೈಯಲ್ಲಿ ಅರ ಹಿಡಿದು ಮರದ ತುಂಡು ಉಜ್ಜುತ್ತಿರುತ್ತಾರೆ. ಅದೂ ವ್ಯಾಯಾಮವೇ. ನಾನು ಹತ್ತಿರ ಹೋದರೆ ಬಟ್ಟೆ ಮುಚ್ಚುತ್ತಾರೆ. ಸೊಟ್ಟಪಟ್ಟ ಆಗಿರಬೇಕು, ಮರ್ಯಾದೆ ಪ್ರಶ್ನೆ.

ಮಾರ್ಚ್ ೬, ಗುರುವಾರ

ಒಂದು ವಿಚಾರ ತಲೆಗೆ ಹೊಕ್ಕಿದೆ, ಬಿಡುತ್ತಿಲ್ಲ. ಎಡಗೈ ಚೆನ್ನಾಗಿದೆಯಲ್ಲ? ಎಡಗೈಯಲ್ಲೇ ಗುರಿಯಿಟ್ಟು ಹೊಡೆಯಲಿ.

ರೇಂಜ್‌ಗೆ ಹೋಗಿದ್ದೆ. ಒಬ್ಬ ಎಡಚ ಶೂಟರ್ ತನ್ನ ಪಿಸ್ತೂಲಿನ ಹಳೆಯ ಹಿಡಿ, ಎಡಗೈ ಗ್ರಿಪ್, ಕೊಟ್ಟ. ಮಾವನ ಪಿಸ್ತೂಲಿಗೆ ಸರಿಹೊಂದುತ್ತದೆ. ತಿಂಗಳ ಕೊನೆಯ ಭಾನುವಾರ ಕ್ಲಬ್ಬಿನವರೂ ಮನೆಯವರೂ ಸೇರಿ ಹೊಡೆಯುವ ಪಂದ್ಯ. ಕೂತು ಹೊಡೆಯಬಹುದೇ ಅಂತ ಕಾರ್ಯದರ್ಶಿಯನ್ನು ಕೇಳಿದೆ. ಅವರು “ನಿಮ್ಮ ಮಾವ ಮಲಗಿ ಹೊಡೆದ್ರೂ ನಡೆಯುತ್ತೆ, ಬರ್ಲಿ ಸಾಕು” ಅಂದರು. ಹೆಸರು ಬರೆಸಿ ಬಂದೆ. ಮಾವನಿಗೆ ಹೇಳಿಲ್ಲ. ಗ್ರಿಪ್ ಹಾಕಿ ಕೈಗಿಟ್ಟು ಆ ಮುಖ ನೋಡಬೇಕು.

ಸಂಜೆ ಬೀರುವಿನಿಂದ ಅವರ ಪಿಸ್ತೂಲು ತೆಗೆದೆ. ತಿರುಗಿಸಿ ಗ್ರಿಪ್‌ನ ಸ್ಕ್ರೂ ನೋಡಿದೆ. ಅಲೆನ್ ಕೀ ಕೂರುವ ಆರು ಮೂಲೆಯ ಕುಳಿ ಪೂರಾ ದುಂಡಗಾಗಿದೆ. ಬಾವಿಯ ಹಾಗೆ. ಕೀ ಇಟ್ಟರೆ ಸುಮ್ಮನೆ ಸುತ್ತುತ್ತದೆ.

ಯಾರು?

ಮಾರ್ಚ್ ೭, ಶುಕ್ರವಾರ

ಭೂತಗನ್ನಡಿ ಹಿಡಿದು ನೋಡಿದೆ. ಸವೆದದ್ದು ಹೊಸದು, ಲೋಹ ಇನ್ನೂ ಹೊಳೆಯುತ್ತಿದೆ. ಅಳತೆ ತಪ್ಪಿದ ಕೀ ಹಾಕಿ ತಿರುಗಿಸಿದ್ದಾರೆ. ಒಂದೆರಡು ಸಲವಲ್ಲ, ಹಠಕ್ಕೆ ಬಿದ್ದು.

ಕಾರ್ಯದರ್ಶಿಗೆ ಫೋನ್ ಮಾಡಿದೆ. ಡ್ರಿಲ್ ಮಾಡಿಬಿಡಿ ಅಂದರು. ಅವರಿಗೇನು. ಡ್ರಿಲ್ ಕೂದಲೆಳೆ ಜಾರಿದರೆ ಸ್ಕ್ರೂ ಕಚ್ಚುವ ಒಳಗಿನ ಥ್ರೆಡ್ ಹೋಯಿತು, ಥ್ರೆಡ್ ಹೋದರೆ ಬಾಡಿ ಹೋಯಿತು. ಈ ಮಾಡೆಲ್ ಮಾಡುವುದನ್ನು ಕಂಪನಿ ಯಾವಾಗಲೋ ನಿಲ್ಲಿಸಿದೆ. ನಾನು ಸೊಸೆಯಾಗಿ ಈ ಮನೆಗೆ ಬರುವ ಮೊದಲೇ ಬಂದ ಪಿಸ್ತೂಲು ಅದು. ಹಾಳಾದರೆ ಮಾವನಿಗೆ ಏನು ಮುಖ ತೋರಿಸಲಿ? ಈಗಲೇ ಅರ್ಧ ದಿನ ಗೋಡೆ ನೋಡುತ್ತಾ ಕೂರುತ್ತಾರೆ. ಊಟ ತಟ್ಟೆಯಲ್ಲೇ ಉಳಿಯುತ್ತದೆ. ಅವರು ಮತ್ತೆ ಹೊಡೆದರೆ ಬದುಕಿನ ಕಡೆ ತಿರುಗುತ್ತಾರೆ ಅಂತ ನನ್ನ ನಂಬಿಕೆ. ನಂಬಿಕೆಯೋ, ಹುಚ್ಚೋ.

ಮಾರ್ಚ್ ೯, ಭಾನುವಾರ

ಇವರು ಮನೆಗೆ ಬಂದಿದ್ದಾರೆ. ವಾರವಿಡೀ ದೂರದ ಬಸ್ಸು ಓಡಿಸಿ ಬಂದವರಿಗೆ ನಿದ್ದೆ ಬೇಕು, ನಾನು ಸ್ಕ್ರೂ ಪುರಾಣ ತೆಗೆದೆ. “ಅಪ್ಪಾನೇ ಮಾಡಿರ್ತಾರೆ ಬಿಡು” ಅಂದು ಮಗ್ಗುಲು ಬದಲಿಸಿದರು. ಚೆನ್ನಾಗಿ ಬೈದೆ. ಸ್ಕ್ರೂ ಕೆಡಿಸಿದವರನ್ನು ಬಾಗಿಲಿನಿಂದ ಆಚೆ ಕಳಿಸುತ್ತಿದ್ದ ಮನುಷ್ಯ! ಅವಸರದ ಕೈಯಲ್ಲಿ ಪಿಸ್ತೂಲು ಮುಟ್ಟಬೇಡ ಅಂತ ನನಗೇ ಎಷ್ಟು ಸಲ ಹೇಳಿಲ್ಲ.

ಮಧ್ಯಾಹ್ನ ಮಾವನ ಹಾಸಿಗೆಯ ಹೊದಿಕೆ ಬದಲಿಸುವಾಗ ದಿಂಬಿನ ಚೀಲದೊಳಗೆ ಏನೋ ಗಟ್ಟಿ. ಅಲೆನ್ ಕೀ. ತುದಿ ತಿರುಚಿದೆ. ಇಂಚಿನ ಸೆಟ್ಟಿನದು.

ಇಂಚಿನ ಕೀ ಮಿಲಿಮೀಟರ್ ಕುಳಿಯಲ್ಲಿ ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ಇದನ್ನು ನನಗೆ ಕಲಿಸಿದವರೇ ಅವರು. ಅವರು ಹೇಗೆ...

ಬೆಂಚಿನ ಮುಂದೆ ಹೋಗಿ ನಿಂತೆ. ಬಲಗಡೆಯ ಮೊಳೆಗೆ ಮಿಲಿಮೀಟರ್ ಸೆಟ್, ಎಡಗಡೆಯ ಮೊಳೆಗೆ ಇಂಚಿನದು. ಮಾವ ಯಾವತ್ತೂ ನೋಡಿ ತೆಗೆದವರಲ್ಲ. ಕಣ್ಣು ಕೆಲಸದ ಮೇಲೆ, ಕೈ ತಾನಾಗಿ ಮೇಲೆ ಹೋಗಿ ತರುತ್ತಿತ್ತು. ಬಲಗೈ, ಬಲಗಡೆಗೆ. ಈಗ ಎಡಗೈ ಹೋಗಿದೆ. ಕಲಿತ ಎತ್ತರ ಅದೇ, ದೂರ ಅದೇ, ಮೂರನೆಯ ಕೀ ಅದೇ — ಮೊಳೆ ಮಾತ್ರ ಎಡಗಡೆಯದು. ನನ್ನ ಎಡಗೈ ಎತ್ತಿ ನೋಡಿದೆ. ನೇರ ಇಂಚಿನ ಸೆಟ್ಟಿಗೇ ಹೋಯಿತು.

ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ. ಇಡೀ ಆಯುಷ್ಯ ನಂಬಿದ ಕೈ ಅದು. ತಿರುಚಿದ ಕೀಯನ್ನು ಕಸಕ್ಕೂ ಹಾಕಲಾಗದೆ ದಿಂಬಿನೊಳಗೆ ಬಚ್ಚಿಟ್ಟು ಅದರ ಮೇಲೇ ತಲೆಯಿಟ್ಟು ಮಲಗಿದ್ದಾರೆ, ಪಾಪ. ತಾವೂ ಎಡಗೈಯಲ್ಲಿ ಹೊಡೆಯಬೇಕು ಅಂತಲೇ ಗ್ರಿಪ್ ಬಿಚ್ಚಲು ಹೋಗಿರಬೇಕು. ಹಾಗಾದರೆ ನನ್ನ ವಿಚಾರವೇ ಅವರದೂ.

ಕೀಯನ್ನು ದಿಂಬಿನೊಳಗೇ ವಾಪಸ್ ಇಟ್ಟೆ. ಇನ್ನೊಂದು ಮಿಲಿಮೀಟರ್ ಸೆಟ್ ಡ್ರಾಯರಿನಲ್ಲಿತ್ತು, ಅದನ್ನು ಎಡಗಡೆಯ ಮೊಳೆಗೆ ತಗುಲಿಸಿದೆ. ಇಂಚಿನದನ್ನು ಒಳಗಿಟ್ಟೆ. ಇವರಿಗೂ ಹೇಳಲಿಲ್ಲ.

ಮಾರ್ಚ್ ೧೨, ಬುಧವಾರ

ಮಾವ ಗೋಡೆ ನೋಡಿದರು. ಎಡಗಡೆಯ ಮೊಳೆ, ಆಮೇಲೆ ನನ್ನನ್ನು. ನಾನು ವಾಷರ್ ಹುಡುಕುತ್ತಿರುವವಳ ಹಾಗೆ ತಲೆ ಬಗ್ಗಿಸಿದೆ. “ಇನ್ನೊಂದು” ಅಂದರು, ಬಹಳ ಮೆತ್ತಗೆ. ಆ ದನಿ ಹಿಂದೆ ಕೇಳಿರಲಿಲ್ಲ.

ಸ್ಕ್ರೂ ಜಗ್ಗಲಿಲ್ಲ. ಕುಳಿಯ ಕೊಳೆಯನ್ನು ಸೂಜಿಯಲ್ಲಿ ಕೆದಕಿ ತೆಗೆದೆ. ಎಣ್ಣೆ ಬಿಟ್ಟು ಒಂದು ದಿನ ಕಾದೆ. ರಬ್ಬರ್ ತುಂಡು ಇಟ್ಟು ಕೀ ಒತ್ತಿದೆ, ರಬ್ಬರ್ ಚೂರಾಯಿತು. ಸ್ಕ್ರೂ ಸಡಿಲವಾಗದಿರಲಿ ಅಂತ ಮಾವನೇ ಹಾಕಿದ ಅಂಟು ಇರಬೇಕು ಒಳಗೆ. ಅವರು ಅಂಟು ಹಾಕಿದರೆ ಮುಗಿಯಿತು.

ಒಂದು ಸಂಗತಿ. ಬೆಳಿಗ್ಗೆ ಜೇಡಿಮಣ್ಣು ತರಲು ಅವರ ಕೋಣೆಗೆ ಹೋದರೆ ನಿನ್ನೆ ನಾನು ಹಿಸುಕಿದ ಗುರುತು ಹಾಗೇ ಇದೆ. ನನ್ನ ನಾಲ್ಕು ಬೆರಳು, ಹೆಬ್ಬೆರಳು, ಎಲ್ಲ. ಮಾವ ಮುಟ್ಟಿಯೇ ಇಲ್ಲ! ಸೋಮಾರಿ. ವ್ಯಾಯಾಮದ ಹುಡುಗಿಗೆ ಚಾಡಿ ಹೇಳುತ್ತೇನೆ ಎಂದು ಹೆದರಿಸಿದೆ. ನಕ್ಕರು, ಅರ್ಧ ಬಾಯಲ್ಲಿ.

ಮಾರ್ಚ್ ೧೩, ಗುರುವಾರ

ಗಿರಾಕಿಯೊಬ್ಬ ಕೇಳಿದ, ರಿಪೇರಿ ಮಾಡಿದ್ದನ್ನು ಸ್ಟ್ಯಾಂಡಿಗೆ ಯಾಕೆ ಕಟ್ಟಿ ಹೊಡೀತೀರಿ, ಕೈಯಲ್ಲಿ ಹಿಡಿದು ಹೊಡೆಯಬಾರದಾ ಅಂತ. ಎಲ್ಲ ಗ್ರಿಪ್ ಗಂಡಸರ ಕೈಗೆ ಮಾಡಿದ್ದು, ನನ್ನ ಬೆರಳು ಟ್ರಿಗರ್ ಮುಟ್ಟಬೇಕಾದರೆ ಮಣಿಕಟ್ಟು ತಿರುಚಬೇಕು, ಒಂದು ದಿನವೂ ಹೊಡೆದಿಲ್ಲ ಅಂದೆ. “ಅಡುಗೆ ಮಾಡಿ ಉಪವಾಸ ಇದ್ದ ಹಾಗಾಯ್ತಲ್ರೀ” ಅಂದ. ನಗು ಬಂತು. ಅಭ್ಯಾಸವಾಗಿ ಹೋಗಿದೆ. ಹಿಂದೆ ಮೂಲೆಯಲ್ಲಿ ಅರದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮಾರ್ಚ್ ೧೭, ಸೋಮವಾರ

ಬಂತು!

ಗಾಳಿ ಖಾಲಿ, ನಳಿಗೆ ಖಾಲಿ — ಎರಡೆರಡು ಸಲ ನೋಡಿದೆ. ವೈಸ್ ಬಾಯಿಗೆ ಚರ್ಮ ಸುತ್ತಿ ಪಿಸ್ತೂಲನ್ನು ತಲೆಕೆಳಗಾಗಿ ಹಿಡಿಸಿದೆ. ಮಾವ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಸ್ಟೂಲು ಸರಿಸಿ ಜಾಗ ಮಾಡಿದೆ.

ಸೋಲ್ಡರಿಂಗ್ ಐರನ್ನಿನ ಕಾದ ತುದಿಯನ್ನು ಸ್ಕ್ರೂ ತಲೆಗೆ ಮಾತ್ರ ತಾಗಿಸಿ ಹಿಡಿದೆ. ಮರ ಸುಡಬಾರದು, ಅಂಟು ಮೆತ್ತಗಾಗಬೇಕು. ಆಮೇಲೆ ಕುಳಿಗಿಂತ ಒಂಚೂರು ದಪ್ಪನೆಯ, ನಕ್ಷತ್ರದ ತುದಿಯ ಸ್ಕ್ರೂಡ್ರೈವರ್ ಬಿಟ್ ಇಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿದೆ. ಅದರ ಮೂಲೆಗಳು ದುಂಡಗಿನ ಕುಳಿಯನ್ನು ಕಚ್ಚಿಕೊಂಡವು. ಇದ್ದದ್ದು ಒಂದೇ ಅವಕಾಶ. ಇದೂ ಜಾರಿದರೆ ಡ್ರಿಲ್.

ತಿರುಗಿಸಲು ಹೋದೆ. ಮಾವ ಮಣಿಕಟ್ಟು ಹಿಡಿದು ನಿಲ್ಲಿಸಿದರು. ತಲೆ ಅಲ್ಲಾಡಿಸಿದರು. ಅರ್ಥವಾಯಿತು. ಮೊದಲು ಒತ್ತು, ಆಮೇಲೆ ತಿರುಗಿಸು — ಈ ಬೆಂಚಿನ ಮುಂದೆ ನಾನು ಕಲಿತ ಮೊದಲ ಪಾಠ. ನನ್ನ ಕೈಯಲ್ಲಿ ಅಷ್ಟು ಭಾರ ಎಲ್ಲಿದೆ? ಆಗ ಮಾವ ಎಡಗೈಯಿಂದ ತಮ್ಮ ಬಲಗೈ ಎತ್ತಿದರು. ಎತ್ತಿ ನನ್ನ ಮುಷ್ಟಿಯ ಮೇಲೆ ಇಟ್ಟರು. ಆ ಸತ್ತ ಕೈಯನ್ನು. ಅದರ ಮೇಲೆ ಎದೆಯೂರಿ ಇಡೀ ಮೈಭಾರ ಬಿಟ್ಟರು.

ತಿರುಗಿಸಿದೆ. ಕಿರ್ ಎಂದಿತು. ಜಾರಿತು ಎಂದುಕೊಂಡೆ. ಜಾರಿರಲಿಲ್ಲ. ಬಿಟ್ಟುಕೊಟ್ಟಿತ್ತು.

ಆ ಕೈ ಬೆಚ್ಚಗಿತ್ತು. ಸ್ಕ್ರೂ ಪೂರ್ತಿ ಹೊರಬಂದ ಮೇಲೂ ಮಾವ ತೆಗೆಯಲಿಲ್ಲ, ನಾನೂ ಸರಿಸಲಿಲ್ಲ.

ಥ್ರೆಡ್ ನೋಡಿದೆ. ಒಂದು ಗೀರೂ ಇಲ್ಲ.

ಮಾರ್ಚ್ ೧೮, ಮಂಗಳವಾರ

ಬರೆಯಲು ಮನಸ್ಸಿಲ್ಲ. ಹೊಸ ಸ್ಕ್ರೂ ಹಾಕಿ, ಎಡಗೈ ಗ್ರಿಪ್ ಕೂರಿಸಿ, ಒರೆಸಿ ಮಾವನ ಮುಂದಿಟ್ಟೆ. ಪಂದ್ಯಕ್ಕೆ ಹೆಸರು ಕೊಟ್ಟಿದ್ದೂ ಹೇಳಿದೆ. ಒಂದು ಸಲ ನೋಡಿದರು. ಗ್ರಿಪ್ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ ನನ್ನ ಕಡೆಗೇ ತಳ್ಳಿದರು. “ಇನ್ನೊಂದು.”

ಯಾವ ಇನ್ನೊಂದು? ಇನ್ನೊಂದು ಎಲ್ಲಿಂದ ತರಲಿ? ರೇಗಿಬಿಟ್ಟೆ. ನಿಮಗೋಸ್ಕರ ಇಷ್ಟು ದಿನ ಒದ್ದಾಡಿದ್ದು ನೀರಿನಲ್ಲಿ ಹೋಮ ಆಯ್ತಾ ಮಾವ ಅಂದೆ. ತಲೆ ತಗ್ಗಿಸಿದರು. ಊಟ ಬಡಿಸಿ ಎದ್ದು ಬಂದೆ.

ಮಾರ್ಚ್ ೨೪, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಮುಖ ಊದಿಸಿಕೊಂಡು ಓಡಾಡಿದೆ. ಮಾವ ಮಾತ್ರ ಬೆಳಗಿನಿಂದ ಸಂಜೆವರೆಗೆ ಅರ, ಮರಳು ಕಾಗದ, ಅರ. ಅಂಗಿ ತುಂಬ ಮರದ ಪುಡಿ. ವ್ಯಾಯಾಮದ ಹುಡುಗಿ ಬಂದವಳು ಎಡಗೈಗೆ ಇಷ್ಟು ಕೆಲಸ ಕೊಡಬೇಡಿ ಅಂದಳು. ನನಗೂ ಹೆದರಿಕೆಯಾಗಿ ಅರ ಕಿತ್ತಿಡಲು ಹೋದೆ. ಬಿಡಲಿಲ್ಲ.

ಇವತ್ತು ಮಧ್ಯಾಹ್ನ ಕೋಲೂರಿಕೊಂಡು ಬೆಂಚಿಗೆ ಬಂದರು. ಎಡಗೈ ಎತ್ತಿ ಎಡಗಡೆಯ ಮೊಳೆಯಿಂದ ಮೂರನೆಯ ಕೀ ತೆಗೆದರು — ನೋಡದೆ. ಎಡಗೈ ಗ್ರಿಪ್ ಬಿಚ್ಚಿದರು. ಕಂಕುಳಲ್ಲಿದ್ದ ಬಟ್ಟೆಯ ಗಂಟನ್ನು ನನ್ನ ಮುಂದೆ ಬಿಚ್ಚಿದರು.

ಮರದ ಗ್ರಿಪ್. ಒಳಗಡೆ ತೋಡಿ ಅರ್ಧಕ್ಕೆ ಬಿಟ್ಟ ಹಳೆಯ ತುಂಡೊಂದು ಡ್ರಾಯರಿನಲ್ಲಿ ಬಿದ್ದಿರುತ್ತಿತ್ತು, ಅದರಲ್ಲಿ ಮಾಡಿದ್ದು. ಒಂದು ಕಡೆ ಅರ ಜಾರಿದ ಗಾಯ. ಎಡಗೈಯದಲ್ಲ, ಬಲಗೈಯದು. ಚಿಕ್ಕದು. ಯಾವ ಗಂಡಸಿನ ಕೈಗೂ ಬಾರದಷ್ಟು ಚಿಕ್ಕದು.

ಪಿಸ್ತೂಲಿಗೆ ಕೂರಿಸಿ ನನ್ನ ಬಲಗೈ ಹಿಡಿದು ಅದರ ಮೇಲಿಟ್ಟರು. ಮೂರು ಬೆರಳು ಮೂರು ಕುಳಿಯಲ್ಲಿ ಹೋಗಿ ಕೂತವು. ಹೆಬ್ಬೆರಳಿಗೆ ಅದರದೇ ಜಾಗ. ತೋರುಬೆರಳು ಮಣಿಕಟ್ಟು ತಿರುಚದೆ ಟ್ರಿಗರ್ ಮೇಲಿತ್ತು.

ಜೇಡಿಮಣ್ಣು. ದಿನಾ ಬೆಳಿಗ್ಗೆ ನನ್ನಿಂದ ಹಿಸುಕಿಸಿ, ಮಗುವನ್ನು ಎತ್ತಿಕೊಂಡ ಹಾಗೆ ಒಳಗೆ ಒಯ್ಯುತ್ತಿದ್ದ ಮುದ್ದೆ. ನಾನು ಸೋಮಾರಿ ಅಂದಿದ್ದೆ. ಅವರು ನನ್ನ ಅಳತೆ ತೆಗೆದುಕೊಳ್ಳುತ್ತಿದ್ದರು. ಸ್ಕ್ರೂ ಬಿಚ್ಚಲು ಹೋಗಿದ್ದೂ ಇದಕ್ಕೇ. ತಮಗಲ್ಲ. ನನಗೆ.

ನನಗೆ ಯಾರೂ ಏನೂ ಹೀಗೆ ಮಾಡಿಕೊಟ್ಟಿಲ್ಲ. ಮಾವನ ಮುಂದೆ ಯಾವತ್ತೂ ಅತ್ತವಳಲ್ಲ, ಇವತ್ತು ತಡೆಯಲಾಗಲಿಲ್ಲ. ಅವರು ನನ್ನ ತಲೆ ಮೇಲೆ ಕೈಯಿಟ್ಟರು. ಕೂದಲ ತುಂಬ ಮರದ ಪುಡಿ.

ಮಾರ್ಚ್ ೩೦, ಭಾನುವಾರ. ರೇಂಜ್‌ನಲ್ಲಿ

ಹಿಂದಿನ ಬೆಂಚಿನಲ್ಲಿ ಕೂತು ಗೀಚುತ್ತಿದ್ದೇನೆ. ಅಭ್ಯಾಸದ ಸುತ್ತು ಮುಗಿಯಿತು. ಗುರಿಯ ಕಾಗದ ಬದಲಿಸುತ್ತಿದ್ದಾರೆ. ಕಾರ್ಯದರ್ಶಿ ಮಾವನ ಹೆಸರಿನ ಜಾಗದಲ್ಲಿ ನನ್ನದು ಬರೆದುಕೊಂಡರು. ಇವರು ರಜೆ ಹಾಕಿ ಬಂದಿದ್ದಾರೆ, ನನಗಿಂತ ಹೆಚ್ಚು ಬೆವರಿದ್ದಾರೆ. ಮಾವ ಹಿಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ. ಬೆಳಿಗ್ಗೆ ಎರಡು ಸಲ ಬಡಿಸಿಕೊಂಡು ಉಂಡರು.

ಮೊದಲ ಗುಂಡು ಕಪ್ಪು ವೃತ್ತದ ಆಚೆ, ಕಾಗದದ ಅಂಚಿಗೆ. ಇನ್ನೂ ಒಂಚೂರು ಸರಿದಿದ್ದರೆ ಗೋಡೆಗೆ. ಇಷ್ಟು ವರ್ಷ ಊರವರ ಪಿಸ್ತೂಲು ಸರಿಮಾಡಿದವಳು! ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಗ್ರಿಪ್ ಅಲುಗಲಿಲ್ಲ. ಒಳಗಿನಿಂದ ಯಾರೋ ನನ್ನ ಕೈ ಹಿಡಿದುಕೊಂಡ ಹಾಗಿತ್ತು.

ತಿರುಗಿ ನೋಡಿದೆ. ಮಾವ ನಗುತ್ತಿರಲಿಲ್ಲ. ಬೆನ್ನು ನೆಟ್ಟಗೆ, ಕಣ್ಣು ಕಾಗದದ ಮೇಲೆ. ಹಳೆಯ ಮಾವ.

ಪಂದ್ಯಕ್ಕೆ ಕರೆದರು. ಮಾವ ಕೋಲು ಕುಟ್ಟುತ್ತಿದ್ದಾರೆ. “ಇನ್ನೊಂದು.” ಇಡೀ ರೇಂಜ್‌ಗೆ ಕೇಳುವಂತೆ. “ಇನ್ನೊಂದು!”

ಬಂದೆ ಮಾವ. ಇದೊಂದು ಸಾಲು ಮುಗಿಸಿ