ತಾಯಿ ಕೇಳಿದ ರಕ್ತಪರೀಕ್ಷೆ

ಕುರುಗೋಡು, ಬುಧವಾರ

ಡಾಕ್ಟರಮ್ಮನವರಿಗೆ ಜ್ಯೋತಿಲಕ್ಷ್ಮಿಯ ನಮಸ್ಕಾರಗಳು.

ಹೋದ ತಿಂಗಳು ಬಳ್ಳಾರಿಗೆ ಬಂದು ನಿಮಗೆ ಎದೆಬಡಿತ ತೋರಿಸಿದವಳು ನಾನು. ಇಸಿಜಿ ಸರಿಯಾಗಿದೆ, ನಲವತ್ತೇಳರ ವಯಸ್ಸು, ಮುಟ್ಟು ನಿಲ್ಲುವ ಕಾಲಕ್ಕೆ ಹಾರ್ಮೋನು ಏರುಪೇರಾದರೂ ಹೀಗಾಗಬಹುದು, ಆದರೂ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸು ಎಂದಿದ್ದಿರಿ. ಮಾಡಿಸಿಲ್ಲ. ಮನೆಯಲ್ಲಿ ಬಿಡಲಿಲ್ಲ.

ನನ್ನ ಬೆವರು, ನಡುಕ, ಏದುಸಿರು ಕಂಡು ನಮ್ಮ ಅತ್ತೆ ಪಕ್ಕೀರಮ್ಮ, ದೇವಿ ಹುಲಿಗೆಮ್ಮ ನನ್ನ ಮೈಮೇಲೆ ಬರುತ್ತಿದ್ದಾಳೆ ಎನ್ನುತ್ತಾರೆ. ಮೂರು ತಿಂಗಳಿಂದ ನಾನು ಹೊರಗೆ ಕೂತಿಲ್ಲವಲ್ಲ, ಅದೂ ದೇವಿಯ ಲಕ್ಷಣವೇ ಅಂತೆ.

ನಿನ್ನೆ ಮಂಗಳವಾರ ರೊಟ್ಟಿ ಬಡಿಯುವಾಗ ಎದೆ ಮತ್ತೆ ಡವಡವ ಎನ್ನತೊಡಗಿತು. ಹಿಟ್ಟಿನ ಕೈಯಲ್ಲೇ ಗೋಡೆಗೊರಗಿದೆ. ಅತ್ತೆ ಓಡಿಬಂದು ಕಾಲಿಗೆ ಬಿದ್ದರು.

"ಏನ್ ಬೇಕವಾ ತಾಯಿ? ಬಾಯಿ ಬಿಟ್ಟು ಕೇಳು."

ಇಪ್ಪತ್ತಾರು ವರ್ಷದಲ್ಲಿ ನನಗೇನು ಬೇಕೆಂದು ಅವರು ಕೇಳಿದ್ದು ಅದೇ ಮೊದಲು. ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು:

"ಈಕಿನ್ನ ಬಳ್ಳಾರಿಗೆ ಕರಕೊಂಡ್ ಹೋಗು. ರಕ್ತ ತಪಾಸ್ ಮಾಡಸು."

ನಾಳೆ ಅತ್ತೆಯೇ ಕರೆದುಕೊಂಡು ಬರುತ್ತಾರೆ. ನಿಮ್ಮ ಮೇಜಿನ ಮೇಲೆ ತೆಂಗಿನಕಾಯಿ, ಅರಿಶಿನ ಇಡುತ್ತಾರೆ. ನಗಬೇಡಿ, ತೆಗೆದುಕೊಳ್ಳಿ. ಗುಳಿಗೆ ಬರೆದರೆ ಹೊತ್ತುಹೊತ್ತಿಗೆ ಕೊಡಬೇಕೆಂದು ಅವರಿಗೇ ಹೇಳಿ. ಅದಕ್ಕೇ ಈ ಚೀಟಿಯನ್ನು ನಿಮ್ಮಲ್ಲಿ ನರ್ಸ್ ಆಗಿರುವ ನಮ್ಮ ಓಣಿಯ ಅನಿತಾಳ ಕೈಯಲ್ಲಿ ಮುಂಚೆಯೇ ಕಳಿಸುತ್ತಿದ್ದೇನೆ. ಈಗಲೂ ಎದೆ ಬಡಿದುಕೊಳ್ಳುತ್ತಿದೆ, ಅಕ್ಷರ ಓಡಿದ್ದರೆ ಕ್ಷಮಿಸಿ.

ಇದು ದೇವರಲ್ಲ ಎಂದು ಮಾತ್ರ ನಾಳೆಯೇ ಹೇಳಬೇಡಿ. ನಾನು ಕೇಳುವುದು ಇನ್ನೂ ಒಂದೆರಡಿದೆ.

ಇಂತಿ,
ನಾಳೆ ಹನ್ನೊಂದಕ್ಕೆ ಬರುವ
ಜ್ಯೋತಿಲಕ್ಷ್ಮಿ